ಎಂಟು ಮುಖದ ನಳಿಗೆ

ನನಗೆ ಯಾವಾಗ ಬಡ್ತಿ ಬಂತು, ಯಾರ ಕೈಯಿಂದ ಶಾಲು ಹೊದೆಸಿಕೊಂಡೆ ಎಂಬುದನ್ನೆಲ್ಲ ನಾನು ಬರೆಯುವುದಿಲ್ಲ. ಅದು ಸರ್ವಿಸ್ ಬುಕ್ಕಿನಲ್ಲಿದೆ, ಬೇಕಾದವರು ಓದಿಕೊಳ್ಳಲಿ. ಪೊಲೀಸ್ ಇಲಾಖೆಯಲ್ಲಿ ಹೊಸದಾಗಿ ಆರ್ಮರರ್ ಆಗಿ ಸೇರಿದ ಇಬ್ಬರು ಹುಡುಗರು ವಾಡಿಯ ನಮ್ಮ ಮನೆಗೆ ಬಂದು, "ಸರ್, ಈ ಕೆಲಸದಾಗ ಖರೆ ಕಲಿಯೋದು ಏನದ?" ಎಂದು ಕೇಳಿದರು. ಚಹಾ ಕುಡಿಸಿ ಕಳಿಸಿದೆ. ಉತ್ತರ ಆಗ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಆರ್ಮರರ್ ಎಂದರೆ ಬಂದೂಕು ಹೊಡೆಯುವವನಲ್ಲ, ಹೊಡೆಯುವವರ ಬಂದೂಕನ್ನು ಸರಿ ಇಡುವವನು. ಠಾಣೆಗಳ ರೈಫಲ್‌ಗಳನ್ನು ನೋಡಿಕೊಳ್ಳುವುದು ಅರ್ಧ ಕೆಲಸ. ಇನ್ನರ್ಧ ರೈತರ ಬಂದೂಕುಗಳದು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ತೊಗರಿ, ಜೋಳದ ಹೊಲಕ್ಕೆ ಕಾಡಹಂದಿ ಬೀಳುತ್ತವೆ. ಅದಕ್ಕಾಗಿ ಹಳೆಯ ಮನೆತನಗಳಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. ಹೆಚ್ಚಿನವು ಬಾಯಿಂದ ಮದ್ದು ತುಂಬಿ ಗಜವೆಂಬ ಕಬ್ಬಿಣದ ಸರಳಿನಿಂದ ಜಡಿಯುವ ಒಂಟಿ ನಳಿಗೆಯ ಬಂದೂಕುಗಳು. ಕಾಗದದಲ್ಲಿ ಅದಕ್ಕೆ ಎಸ್.ಬಿ.ಎಂ.ಎಲ್. ಎನ್ನುತ್ತಾರೆ, ರೈತರು ಕೇಪಿನ ಬಂದೂಕು ಎನ್ನುತ್ತಾರೆ. ಲೈಸೆನ್ಸಿನಲ್ಲಿ ಬರೆದಿರುವ ಬಂದೂಕೂ ರೈತ ತಂದಿರುವ ಬಂದೂಕೂ ಒಂದೇ ಹೌದೋ ಅಲ್ಲವೋ ಎಂದು ಹೇಳುವುದು ನನ್ನ ಕೆಲಸ. ಮೂವತ್ತೆರಡು ವರ್ಷ ಅದನ್ನೇ ಮಾಡಿದೆ, ಚೆನ್ನಾಗಿ ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನನಗೆ ಕೆಲಸ ಕಲಿಸಿದವರು ಶಹಾಬಾದಿನ ಖಾಸಿಂಸಾಬ್. ನನಗಿಂತ ಮೊದಲಿನ ಆರ್ಮರರ್. ನಾವೆಲ್ಲ ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಬಂದೂಕು ಕೈಗೆ ಬಂದ ಕೂಡಲೇ ಮೊದಲು ಕೈಯಿಂದ ನೋಡು, ಆಮೇಲೆ ಕಣ್ಣಿಂದ ನೋಡು, ಎಲ್ಲ ಮುಗಿದ ಮೇಲೆ ಬಾಯಿ ತೆರೆ ಎಂದು ಅವರು ಹೇಳುತ್ತಿದ್ದರು. ಸಣ್ಣ ಮಾತು. ಆದರೆ ನಾನು ಮಾಡಿದ ತಪ್ಪುಗಳೆಲ್ಲ ಈ ಸರತಿ ಕೆಡಿಸಿದ್ದರಿಂದಲೇ ಆದವು.

ಮೊದಲನೆಯದು ಚಿತ್ತಾಪುರದಲ್ಲಿ. ಸೇರಿ ಒಂದು ವರ್ಷ ಆಗಿರಲಿಲ್ಲ. ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಬಂದೂಕು ನೋಡುತ್ತಿದ್ದೆವು. ತುಂಬಿದೆಯೋ ಖಾಲಿಯೋ ತಿಳಿಯಲು ಗಜವನ್ನು ನಳಿಗೆಯೊಳಗೆ ಇಳಿಸಿ, ಎಷ್ಟು ಉದ್ದ ಹೋಯಿತೆಂದು ಹೊರಗಿನಿಂದ ಅಳೆದು ನೋಡಬೇಕು. ಒಬ್ಬ ಗೌಡರು ಬಂದೂಕು ಕೊಡುತ್ತ, "ಖಾಲಿ ಅದ ತಗೋರಿ" ಎಂದರು. ದೊಡ್ಡವರ ಮಾತು ಎಂದು ನಂಬಿ ಕೇಪಿನ ಮೇಲೆ ಬಡಿಯುವ ಕುದುರೆಯನ್ನು ಎಳೆದು ಬಿಟ್ಟೆ. ಢಂ ಎಂದಿತು. ಬೇವಿನ ಎಲೆ ಎಲ್ಲರ ತಲೆಯ ಮೇಲೆ ಉದುರಿತು. ಯಾರಿಗೂ ಏನೂ ಆಗಲಿಲ್ಲ. ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಬೈಯಲಿಲ್ಲ. ಉಳಿದ ಬಂದೂಕುಗಳಿಗೆಲ್ಲ ಒಂದೊಂದಾಗಿ ಗಜ ಇಳಿಸಿ, "ಖಾಲಿ ಅದ" ಎಂದು ಪ್ರತಿ ಸಲ ಕೂಗಿ ಹೇಳಲು ಹಚ್ಚಿದರು. ಸಂಜೆಯ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ಆ ಮೇಲೆ ಎಂದೂ ಗಜ ಮರೆಯಲಿಲ್ಲ. ಅಂಥ ಮೇಲಧಿಕಾರಿ ಸಿಕ್ಕರೆ ಪುಣ್ಯ ಎಂದುಕೊಳ್ಳಿ.

ನಗುವಂಥವೂ ಇದ್ದವು. ರಾವೂರಿನ ಒಬ್ಬ ರೈತ ಬಂದು, "ಬಂದೂಕ ಎಡಕ್ಕ ಹೊಡಿಲಿಕತ್ತದರಿ ಸಾಹೇಬ್ರ. ಹಂದಿ ನೆಟ್ಟಗ ನಿಂತ್ರ ನಾ ಏನ್ ಮಾಡ್ಲಿ?" ಎಂದ. ನಳಿಗೆಯ ಮೇಲೆ ದಾರ ಹಿಡಿದು ನೋಡಿದೆ. ಬಾಯಿಯ ಕಡೆ ಒಂದು ಬೆರಳಷ್ಟು ಬಾಗಿತ್ತು.

"ಖಣಿಯಾಗ ಫರ್ಸಿ ಕಲ್ಲು ಎತ್ತಾಕ ಇದನ್ನ ಹಾಕಿ ಮೀಟಿದ್ದಿ ಹೌದಿಲ್ಲೊ?"

"ಒಂದ ಫರ್ಸಿ ರೀ ಸಾಹೇಬ್ರ. ಅದೂ ಸಣ್ಣದು."

ಇಂಥವನ್ನು ಬರೆಯುತ್ತ ಹೋದರೆ ಮುಗಿಯುವುದಿಲ್ಲ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸೇಡಂ ತಾಲೂಕಿನ ಮುಧೋಳದ ಶರಣಪ್ಪನ ಬಂದೂಕಿನ ವಿಷಯ. ನನ್ನ ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು.

ಆಗ ಲೈಸೆನ್ಸುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ನಡೆದಿತ್ತು. ಹಳೆಯ ಪುಸ್ತಕ ನೋಡಿ ವಿವರ ತುಂಬಿ ಅಚ್ಚು ಹಾಕಿದ ಹಾಳೆಗಳನ್ನು ಹಿಡಿದು ಊರೂರಿಗೆ ಹೋಗಿ ಬಂದೂಕಿನ ಜೊತೆ ತಾಳೆ ಹಾಕುತ್ತಿದ್ದೆವು. ಜೊತೆಗೆ ಆ ಭಾಗದ ಠಾಣೆಗೆ ಹೊಸದಾಗಿ ಬಂದಿದ್ದ ಪಿ.ಎಸ್.ಐ. ಸಾಹೇಬರು. ಚುರುಕು ಮನುಷ್ಯ, ವಯಸ್ಸಿನಲ್ಲಿ ನನ್ನ ಮಗನಿಗಿಂತ ಸಣ್ಣವರು. ಅದೇ ತಿಂಗಳು ಚಿಂಚೋಳಿಯ ಅಡವಿಯಲ್ಲಿ ನೀರಿನ ಪೈಪಿನಿಂದ ಮಾಡಿದ ಬಂದೂಕುಗಳು ಸಿಕ್ಕಿದ್ದವು. ಅವನ್ನು ಮಾಡಿಕೊಡುವವರು ಯಾರೆಂದು ಎಲ್ಲರೂ ಹುಡುಕುತ್ತಿದ್ದರು.

ಮುಧೋಳದ ಚಾವಡಿಯ ಕಟ್ಟೆಯ ಮೇಲೆ ಬಂದೂಕುಗಳನ್ನು ಸಾಲಾಗಿ ಇಟ್ಟಿದ್ದರು. ಊರಿನ ಅರ್ಧ ಜನ ಸುತ್ತ ನಿಂತಿದ್ದರು. ಶರಣಪ್ಪನ ಬಂದೂಕು ಬಂತು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹಾಳೆಯಲ್ಲಿ ದುಂಡು ನಳಿಗೆ ಎಂದಿತ್ತು, ನಂಬರು ಇತ್ತು. ಕೈಯಲ್ಲಿದ್ದ ನಳಿಗೆ ಹಿಂದಿನ ಅರ್ಧ ಎಂಟು ಮುಖದ್ದು, ಮುಂದಿನ ಅರ್ಧ ಮಾತ್ರ ದುಂಡು. ಅಂಥ ನಳಿಗೆ ನಮ್ಮ ಕಡೆ ನೋಡಿದ ನೆನಪು ನನಗಿರಲಿಲ್ಲ. ನಂಬರು ಇರಬೇಕಾದ ಜಾಗ ಸಪಾಟಾಗಿತ್ತು. ಹೊರಗೆ ಥಳಕು ಒಳಗೆ ಹುಳುಕು ಎಂದುಕೊಂಡೆ. ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ:

"ಈ ನಳಿ ಈ ಬಂದೂಕಿಂದಲ್ಲ. ಬ್ಯಾರೆ ಕೂಡಿಸ್ಯಾರ. ನಂಬರನೂ ಹಾರಿಸ್ಯಾರ."

ಅಷ್ಟು ಸಾಕಾಯಿತು. ಪಿ.ಎಸ್.ಐ. ಸಾಹೇಬರು ಎದ್ದು ನಿಂತರು. ಶರಣಪ್ಪನಿಗೆ ಅರವತ್ತು ದಾಟಿತ್ತು. ಹಣೆಗೆ ವಿಭೂತಿ, ತಲೆಗೆ ಬಿಳಿ ರುಮಾಲು. ಅವನು ಗಾಬರಿಯಾಗಲಿಲ್ಲ. ತಿಳಿಯದೆ ನನ್ನ ಮುಖ ನೋಡಿದ.

"ಸಾಹೇಬ್ರ, ನಮ್ಮಪ್ಪ ಸತ್ತಾಗಿಂದ ಇದ ಬಂದೂಕ ನಮ್ಮ ಗ್ವಾಡಿಗಿ ತೂಗ ಹಾಕಿದ್ದದರಿ. ಇದ ನಳಿ. ನಾ ಬ್ಯಾರೆ ಯಾಕ ಕೂಡಸ್ಲಿ?"

"ಅದೆಲ್ಲ ಠಾಣ್ಯಾಗ ಹೇಳೀರಂತ, ನಡೀರಿ" ಎಂದರು ಪಿ.ಎಸ್.ಐ. ಅವನನ್ನು ಜೀಪಿನಲ್ಲಿ ಕೂಡಿಸಿದರು. ಜನ ದಾರಿ ಬಿಟ್ಟರು. "ಶರಣಪ್ಪ ಕಾಕಾ ಪೈಪಿನ ಬಂದೂಕ ಮಾಡ್ತಿದ್ನಂತ" ಎಂದು ಯಾರೋ ಅಂದಿದ್ದು ಜೀಪು ಹೊರಡುವ ಮೊದಲೇ ನನಗೆ ಕೇಳಿಸಿತು. ನಾನು ಹೇಳಿದ್ದು ಒಂದು, ಊರು ಕೇಳಿದ್ದು ಒಂದು.

ಠಾಣೆಗೆ ಬಂದ ಮೇಲೆ ಪಿ.ಎಸ್.ಐ. ನನಗೆ ಹೇಳಿದರು: "ಆರ್ಮರರ್ ಸಾಹೇಬ್ರೇ, ನೀವು ಅಲ್ಲಿ ಹೇಳಿದ್ದನ್ನೇ ಬರವಣಿಗೆಯಲ್ಲಿ ಕೊಡಿ. ನಾಳೆ ಮಧ್ಯಾಹ್ನದೊಳಗೆ ಇವರನ್ನು ಕೋರ್ಟಿಗೆ ಹಾಜರುಪಡಿಸಬೇಕು."

ನನ್ನ ಎರಡು ಸಾಲಿಗೆ ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ. ಪೆನ್ನು ತೆಗೆದೆ, ಬರೆಯಲು ಕೈ ಏಳಲಿಲ್ಲ. ಬಾಯಿ ಮುಂದೆ ಓಡಿತ್ತು, ಕೈ ಇನ್ನೂ ಬಂದೂಕನ್ನು ನೋಡಿಯೇ ಇರಲಿಲ್ಲ. ಪೆನ್ನು ಮುಚ್ಚಿ ಬಂದೂಕು ತೆಗೆದುಕೊಂಡು ಹಿಂದಿನ ಕೋಣೆಗೆ ಹೋದೆ.

ಮೊದಲು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದೆ. ನೆಟ್ಟಗಿತ್ತು, ನಯವಾಗಿತ್ತು, ಬೆಸುಗೆಯ ಗೆರೆ ಇರಲಿಲ್ಲ. ಬೆರಳಿನ ನಡುವೆ ಹಿಡಿದು ದಪ್ಪ ನೋಡಿದೆ. ಹಿಂದೆ, ಮದ್ದು ಉರಿಯುವ ಕಡೆ, ದಪ್ಪ. ಬಾಯಿಯ ಕಡೆ ಹೋಗುತ್ತ ತೆಳ್ಳಗೆ. ನೀರಿನ ಪೈಪು ಉದ್ದಕ್ಕೂ ಒಂದೇ ದಪ್ಪ ಇರುತ್ತದೆ. ಮರದ ಆಚೆ ಚಾಚಿದ ನಳಿಗೆಯ ತುದಿಯನ್ನು ಬೆರಳಿನಿಂದ ಬಡಿದೆ. ಒಳ್ಳೆಯ ಗಂಟೆಯ ಹಾಗೆ ನಾದ ಕೊಟ್ಟಿತು. ಇದು ಬಂದೂಕಿಗೆಂದೇ ಬಲ್ಲವರು ಮಾಡಿದ ನಳಿಗೆ. ಹಾಗಾದರೆ ನಂಬರು ಎಲ್ಲಿ ಹೋಯಿತು?

ಅಷ್ಟರಲ್ಲಿ ಶರಣಪ್ಪನ ಹೆಂಡತಿ ಗುರಮ್ಮ ಬಂದಳು. ಒಂದು ಕೈಯಲ್ಲಿ ಗಂಡನಿಗೆ ರೊಟ್ಟಿಯ ಬುತ್ತಿ, ಇನ್ನೊಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಲೈಸೆನ್ಸಿನ ಕಾಗದಗಳು. ನನ್ನ ಮುಂದೆ ಇಟ್ಟಿದ್ದ ಬಂದೂಕು ನೋಡಿ ನಿಂತಳು.

"ಯಾಕ್ರಿ ಸಾಹೇಬ್ರ, ಈ ಸಲಾನೂ ಹೊಲಸ ಆಗ್ಯಾದೇನ್ರಿ? ನಾನ ಕೈಯಾರೆ ತಿಕ್ಕಿ ಕೊಟ್ಟೀನಲ್ರಿ."

"ಏನಂದಿ ಅವ್ವ? ಯಾವುದರಿಂದ ತಿಕ್ಕಿದಿ?"

"ಇಟ್ಟಂಗಿ ಪುಡಿ, ಹುಣಸಿಹಣ್ಣ, ತೆಂಗಿನ ನಾರು. ದಸರಾದಾಗ ಖಂಡೆ ಪೂಜಿಗೆ ಕುಡುಗೋಲು, ಕೊಡ್ಲಿ, ಬಂದೂಕ ಎಲ್ಲಾ ತಿಕ್ತೀವಲ್ರಿ. ನಾ ಮದುವ್ಯಾಗಿ ಬಂದಾಗಿಂದ ತಿಕ್ಕಲಿಕತ್ತೀನಿ. ನೀವು ಬೈದ ಮ್ಯಾಲಂತೂ ತಿಂಗಳಿಗೊಮ್ಮೆ ತಿಕ್ತೀನಿ."

"ನಾ ಬೈದ್ನಾ?"

"ಮರತ್ರೇನ್ರಿ? ನಮ್ಮ ಸಣ್ಣ ಮಗ ಕೂಸಿದ್ದಾಗ ಬಂದಿದ್ರಲ್ರಿ ತಪಾಸಣಿಗಿ. ತುಕ್ಕ ಹಿಡದ ಬಂದೂಕ ಮತ್ತೊಮ್ಮೆ ತಂದ್ರ ಲೈಸೆನ್ಸ್ ಕಸಗೋತೀನಿ ಅಂದಿದ್ರಿ. ಇವ್ರು ಮನಿಗಿ ಬಂದು ಎರಡ ದಿನ ಉಂಡಿಲ್ಲ."

ಆ ಮಾತು ನನ್ನದೇ. ಅಂದು ತುಕ್ಕು ನೋಡಿದ್ದೆ, ನಳಿಗೆ ನೋಡಿರಲಿಲ್ಲ. ನೂರಾರು ರೈತರಿಗೆ ಹಾಗೆ ಹೇಳಿದ್ದೇನೆ, ಗತ್ತಿನಿಂದ ಹೇಳಿದ್ದೇನೆ. ಎಣ್ಣೆ ಹಚ್ಚಿ ಎಂದು ಹೇಳುವುದು ಬಿಟ್ಟು ಲೈಸೆನ್ಸ್ ಕಸಿದುಕೊಳ್ಳುತ್ತೇನೆ ಎಂದಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಆದರೆ ನಾಚಿಕೆಪಡುತ್ತ ಕೂಡಲು ಹೊತ್ತಿರಲಿಲ್ಲ. ನಳಿಗೆಯನ್ನು ಮತ್ತೆ ಬೆಳಕಿಗೆ ಹಿಡಿದೆ. ಅರ ಹಾಕಿ ನಂಬರು ತೆಗೆದರೆ ಆ ಜಾಗ ಮಾತ್ರ ತಗ್ಗಾಗುತ್ತದೆ, ಗೀರುಗಳೆಲ್ಲ ಒಂದೇ ದಿಕ್ಕಿಗೆ ಇರುತ್ತವೆ. ಇಲ್ಲಿ ಹಾಗಿರಲಿಲ್ಲ. ಮರದ ಹೊರಗೆ ಕಾಣುವ ಅಂಚುಗಳೆಲ್ಲ ಸಮನಾಗಿ ಸವೆದು ದುಂಡಗಾಗಿದ್ದವು. ಕುದುರೆಯ ಮೇಲಿನ ಹೂವಿನ ಕೆತ್ತನೆಯೂ ಅಷ್ಟೇ ಸವೆದಿತ್ತು. ಕಳ್ಳನಾದವನು ಹೂವನ್ನು ಯಾಕೆ ಅಳಿಸುತ್ತಾನೆ?

"ಅವ್ವ, ತಿಕ್ಕುವಾಗ ನಳೀನ ಮರದಿಂದ ಬಿಚ್ಚತೀರೇನು?"

"ಅಯ್ಯ, ಬಿಚ್ಚೋದು ನಮಗೇನ್ ಗೊತ್ತದರಿ? ಕಂಡದ್ದಷ್ಟ ತಿಕ್ತೀವಿ."

ನಳಿಗೆಯನ್ನು ಮರಕ್ಕೆ ಹಿಡಿದಿಟ್ಟ ಬೆಣೆ ಎಣ್ಣೆ, ಅರಿಶಿಣ ಕುಡಿದು ಕಚ್ಚಿಕೊಂಡಿತ್ತು. ಮೆಲ್ಲಗೆ ಬಡಿದು ಬಡಿದು ಹೊರಡಿಸಿದೆ. ಮರದೊಳಗೆ ಕೂತಿದ್ದ ನಳಿಗೆಯ ಹೊಟ್ಟೆಗೆ ಇಟ್ಟಂಗಿ ಪುಡಿ ಎಂದೂ ಮುಟ್ಟಿರಲಿಲ್ಲ. ಹಳೆಯ ಕಂದು ಬಣ್ಣ ಹಾಗೇ ಇತ್ತು. ಅಲ್ಲಿ, ಹಿಂದಿನ ತುದಿಗೆ, ನಂಬರು ಇತ್ತು. ಲೈಸೆನ್ಸಿನ ನಂಬರೇ. ಅದರ ಪಕ್ಕದಲ್ಲಿ ಒಂದು ಉಂಗುರ, ಉಂಗುರದೊಳಗೆ ಮೂರು ಚುಕ್ಕೆ. ಈ ಗುರುತನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ನಮ್ಮ ಕೈಪಿಡಿಯಲ್ಲೂ ಇರಲಿಲ್ಲ.

ಪಿ.ಎಸ್.ಐ. ಬಂದು ನೋಡಿದರು. "ನಂಬರನ್ನು ಇವರೇ ಕೆಳಗೆ ಹೊಡೆಸಿರಬಹುದಲ್ಲ? ಈ ಗುರುತು ಯಾರದ್ದು ಅಂತ ಹೇಳಿ, ಒಪ್ಪುತ್ತೇನೆ" ಎಂದರು. ಅವರ ಮಾತು ಸರಿಯಾಗಿತ್ತು. ನಾನೂ ಅವರ ಜಾಗದಲ್ಲಿ ಅದನ್ನೇ ಕೇಳುತ್ತಿದ್ದೆ.

ಇದನ್ನು ಹೇಳಬಲ್ಲವರು ಒಬ್ಬರೇ. ಉಸ್ತಾದರಿಗೆ ಎಂಬತ್ತೈದು ದಾಟಿತ್ತು, ಎರಡೂ ಕಣ್ಣಿಗೆ ಪೊರೆ. ಫೋನಿನಲ್ಲಿ ಫೋಟೋ ತೆಗೆದು ಪ್ರಯೋಜನವಿಲ್ಲ. ಠಾಣೆಯ ಬಚ್ಚಲಿನಿಂದ ಒಂದು ಮೈಸೋಪು ತಂದು, ಸ್ವಲ್ಪ ಹಸಿ ಮಾಡಿ, ನಳಿಗೆಯ ಗುರುತಿನ ಮೇಲೆ ಒತ್ತಿದೆ. ಅಚ್ಚು ಚೆನ್ನಾಗಿ ಬಿತ್ತು. ಅದನ್ನು ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಸೇಡಂ ಮೇಲಿಂದ ಶಹಾಬಾದಿಗೆ ಹೊರಟೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯಿಂದ ಕೆಳಗೆ ಇಳಿಸಲಿಲ್ಲ.

ಉಸ್ತಾದರು ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದರು. ಸೋಪನ್ನು ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಎರಡನೆಯ ಸಲ ಸವರುವಾಗ ಅವರ ಮುಖ ಬದಲಾಯಿತು.

"ಅರೇ ರಾಚ್ಯಾ, ಇದು ನಿನಗ ಎಲ್ಲಿ ಸಿಕ್ತೋ ಬೇಟಾ?"

"ಮುಧೋಳದಾಗ. ಎಂಟು ಮುಖದ ನಳಿ ಉಸ್ತಾದ್. ಹೊಟ್ಟಿ ಕೆಳಗ ಅದ."

"ಕೆಳಗ ಇರಬೇಕು. ಇದು ನನ್ನ ಉಸ್ತಾದಂದು. ಕಲಬುರಗ್ಯಾಗ ಸರಕಾರಿ ಪರವಾನಗಿ ದುಕಾನ ಇತ್ತು. ಹೈದರಾಬಾದಿನಿಂದ ನಳಿ ತರಿಸ್ತಿದ್ದ. ಹಳೀ ನಳಿ ಉಬ್ಬಿತು, ಸೀಳಿತು ಅಂದ್ರ ಹೊಸಾದು ಕೂಡಿಸಿ, ನಂಬರ ಮ್ಯಾಲೊಂದು ಕೆಳಗೊಂದು ಹೊಡೀತಿದ್ದ. ಮ್ಯಾಲಿಂದು ಸವೀತದ, ಕೆಳಗಿಂದು ಸಾಕ್ಷಿ ಹೇಳ್ತದ ಅಂತಿದ್ದ." ಸೋಪನ್ನು ನನ್ನ ಕೈಗೆ ವಾಪಸು ಕೊಟ್ಟು, ಮತ್ತೆ ಹೇಳಿದರು: "ಲೇಕಿನ್, ಲೈಸೆನ್ಸ್ ಪುಸ್ತಕದಾಗ ಬರಸಲಾರದ ಆತ ನಳಿ ಮುಟ್ಟತಿರಲಿಲ್ಲ. ಬಂದೂಕ ಸಾಕು, ಪುಸ್ತಕ ನೋಡು."

"ನೋಡೀನಿ ಉಸ್ತಾದ್. ಅದರಾಗ ಇಲ್ಲ."

"ಇಲ್ಲ ಅಂದ್ರ ನೀ ನೋಡಿಲ್ಲ."

ಮೂವತ್ತೆರಡು ವರ್ಷ ಸರ್ವಿಸ್ ಆದವನಿಗೆ ಹಾಗೆ ಹೇಳುವ ಹಕ್ಕು ಅವರೊಬ್ಬರಿಗೇ ಇತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಠಾಣೆಗೆ ಬಂದೆ. ಶರಣಪ್ಪ ಬೆಂಚಿನ ಮೇಲೆ ಕುಳಿತಿದ್ದ. ಗುರಮ್ಮ ತಂದಿದ್ದ ರೊಟ್ಟಿಯ ಗಂಟನ್ನು ಬಿಚ್ಚಿಯೇ ಇರಲಿಲ್ಲ. "ರಾತ್ರಿ ಊರಿನವರು ಯಾರರ ಬಂದ್ರೇನ್ರಿ?" ಎಂದು ನನ್ನನ್ನೇ ಕೇಳಿದ. ಯಾರೂ ಬಂದಿರಲಿಲ್ಲ. ಜೈಲಿಗಿಂತ ಅದೇ ಅವನಿಗೆ ಹೆಚ್ಚು ಚುಚ್ಚಿತ್ತು ಎಂದು ಆಗ ನನಗೆ ತಿಳಿಯಿತು.

ಗುರಮ್ಮನ ಬಟ್ಟೆಯ ಗಂಟಿನಿಂದ ಹಳೆಯ ಲೈಸೆನ್ಸ್ ಪುಸ್ತಕ ತೆಗೆದೆ. ಅರ್ಧ ಉರ್ದು, ಅರ್ಧ ಇಂಗ್ಲಿಷು. ನಿನ್ನೆ ಪುಟ ಪುಟ ತಿರುವಿದ್ದೆ. ಈಗ ಮೊದಲು ಕೈಯಿಂದ ನೋಡಿದೆ. ಒಂದು ಹಾಳೆ ಉಳಿದವುಗಳಿಗಿಂತ ದಪ್ಪವಾಗಿ ಬೆರಳಿಗೆ ಸಿಕ್ಕಿತು. ಒಂದಲ್ಲ, ಎರಡು ಹಾಳೆ. ಖಂಡೆ ಪೂಜೆಗೆ ಬಂದೂಕಿನ ಜೊತೆ ಪುಸ್ತಕವನ್ನೂ ಇಟ್ಟು ಅರಿಶಿಣ, ಕುಂಕುಮ ಹಾಕಿ ಎಣ್ಣೆಯ ಕೈಯಿಂದ ಮುಟ್ಟಿದ್ದರು. ಎರಡು ಹಾಳೆಗಳೂ ಒಂದಾಗಿ ಹೋಗಿದ್ದವು. ಕಂಪ್ಯೂಟರಿಗೆ ಏರಿಸಿದವರಿಗೂ ಅದು ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ.

ಠಾಣೆಯ ಚಹಾದ ಪಾತ್ರೆಯ ಮೇಲೆ ಪುಸ್ತಕ ಹಿಡಿದು ಆವಿ ಕೊಟ್ಟೆ. ಬೇಳೆಯ ಸಿಪ್ಪೆ ತೆಗೆದಷ್ಟು ನಿಧಾನವಾಗಿ ಬಿಡಿಸಿದೆ. ಪಿ.ಎಸ್.ಐ. ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಒಳಗೆ ಮಸುಕಾದ ನೀಲಿ ಶಾಯಿಯಲ್ಲಿ ಬರೆದಿತ್ತು: ಹಳೆಯ ನಳಿಗೆ ಉಬ್ಬಿದ್ದರಿಂದ ತೆಗೆದು, ಎಂಟು ಮುಖದ ನಳಿಗೆ ಕೂಡಿಸಲು ಅನುಮತಿ. ಕೆಳಗೆ ಸರಕಾರದ ಮೊಹರು. ಅದರ ಪಕ್ಕಕ್ಕೆ ರಿಪೇರಿ ಮಾಡಿದವನ ಸಹಿ, ಸಹಿಯ ಕೆಳಗೆ ಉಂಗುರ, ಉಂಗುರದಲ್ಲಿ ಮೂರು ಚುಕ್ಕೆ. ನನಗೆ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಡಲೂ ಇಲ್ಲ.

ವರದಿ ಬರೆದೆ. ನಳಿಗೆ ಯಾರದ್ದು, ಯಾವಾಗ ಕೂಡಿಸಿದ್ದು, ಹೇಗೆ ಗುರುತಿಸಿದೆ ಎಲ್ಲವನ್ನೂ ಬರೆದೆ. ಮೇಲಿನ ನಂಬರು ತಿಕ್ಕಿ ಸವೆದಿದ್ದು, ಹಾಗೆ ತಿಕ್ಕಲು ಕಾರಣ ನನ್ನ ಹಿಂದಿನ ಗದರಿಕೆ, ಚಾವಡಿಯಲ್ಲಿ ನಾನು ಹೇಳಿದ್ದು ಬಂದೂಕು ಬಿಚ್ಚಿ ನೋಡದೆ ಹೇಳಿದ ತಪ್ಪು ಮಾತು ಎಂದೂ ಬರೆದೆ.

ಪಿ.ಎಸ್.ಐ. ಓದಿ, ಕೊನೆಯ ಸಾಲುಗಳ ಮೇಲೆ ಬೆರಳಿಟ್ಟರು. "ಇದು ಬೇಕಾ? ನಿಮ್ಮ ಪೆನ್ಶನ್ ಕಾಗದ ಓಡಾಡುವ ಹೊತ್ತು."

"ಇರಲಿ ಸರ್. ನಳಿಗೆ ತಪ್ಪಿಲ್ಲ ಅಂದ ಮೇಲೆ ತಪ್ಪು ಯಾರದು ಅಂತ ಕೇಳ್ತಾರೆ."

ಅವರು ಸಹಿ ಹಾಕಿ, ಶರಣಪ್ಪನನ್ನು ಕರೆದು ಕುರ್ಚಿ ಕೊಟ್ಟು, ಬಂದೂಕನ್ನು ಎರಡೂ ಕೈಯಿಂದ ಕೊಟ್ಟರು. ಮುಂದೆ ಅವರು ಒಳ್ಳೆಯ ಅಧಿಕಾರಿ ಎನಿಸಿಕೊಂಡರು. ಅವರ ವಿಷಯದಲ್ಲಿ ನನಗೆ ಆಗಲೇ ಅದು ಗೊತ್ತಾಗಿತ್ತು. ಆ ವರದಿಗೆ ನನಗೆ ಮೇಲಿನಿಂದ ಒಂದು ಎಚ್ಚರಿಕೆಯ ಪತ್ರ ಬಂತು. ಅದನ್ನು ಇಟ್ಟುಕೊಂಡಿದ್ದೇನೆ.

ನೀವು ಹೊಸಬರು. ಈಗ ಗುರುತುಗಳ ಫೋಟೋ ತೆಗೆದು ಕಳಿಸಿದರೆ ಗಳಿಗೆಯಲ್ಲಿ ಬೆಂಗಳೂರಿನಿಂದ ಉತ್ತರ ಬರುತ್ತದೆ. ಒಳ್ಳೆಯದೇ, ಅಂಥ ವ್ಯವಸ್ಥೆ ನಮ್ಮ ಕಾಲದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಮರದೊಳಗಿನ ಹೊಟ್ಟೆಯ ಫೋಟೋ ಬೇಕಾದರೆ ಮೊದಲು ನಳಿಗೆ ಬಿಚ್ಚಲೇಬೇಕು. ಅದನ್ನು ಫೋನು ಮಾಡುವುದಿಲ್ಲ.

ವರದಿ ಕೊಟ್ಟು ಮನೆಗೆ ಬಂದರೂ ನನಗೆ ನಿದ್ದೆ ಹತ್ತಲಿಲ್ಲ. ಕಾಗದ ಠಾಣೆಯಲ್ಲಿ ಉಳಿಯಿತು. ನನ್ನ ಮಾತು ಮಾತ್ರ ಮುಧೋಳದಲ್ಲಿ ಇನ್ನೂ ತಿರುಗಾಡುತ್ತಿತ್ತು. ಮರುದಿನ ರಜೆ ಹಾಕಿ, ಯೂನಿಫಾರ್ಮ್ ಹಾಕಿಕೊಂಡೇ ಬಸ್ಸು ಹತ್ತಿದೆ. ಚಾವಡಿಯ ಮುಂದೆ ಇಳಿದು, ಮೊನ್ನೆ ಬಂದೂಕು ಇಟ್ಟಿದ್ದ ಕಟ್ಟೆಯನ್ನೇ ಹತ್ತಿ ನಿಂತೆ. ಹೋಟೆಲಿನಲ್ಲಿ ಕುಳಿತವರು, ಗಿಡದ ಕೆಳಗಿನವರು ಒಬ್ಬೊಬ್ಬರಾಗಿ ಬಂದರು.

"ಮೊನ್ನಿ ನಾ ಇಲ್ಲೇ ನಿಂತು ಶರಣಪ್ಪನ ಬಂದೂಕದ ಬಗ್ಗೆ ಹೇಳಿದ್ದು ಸುಳ್ಳದ" ಎಂದೆ. ಚಿತ್ತಾಪುರದ ಬೇವಿನ ಗಿಡದ ಕೆಳಗೆ ಕೂಗಿದ ಮೇಲೆ ಅಷ್ಟು ಗಟ್ಟಿಯಾಗಿ ನಾನು ಎಲ್ಲಿಯೂ ಕೂಗಿರಲಿಲ್ಲ. "ಆ ನಳಿ ಸರಕಾರದ ಮೊಹರ ಹಾಕಿ ಕೂಡಿಸಿದ್ದು. ಪೈಪಿಂದಲ್ಲ. ಶರಣಪ್ಪನ ಕಡಿಂದ ಏನೂ ತಪ್ಪಿಲ್ಲ. ನೋಡಲಾರದ ಬಾಯಿ ಬಿಟ್ಟವ ನಾನು. ನನ್ನ ಮಾತು ಯಾರ್ ಯಾರ್ ಮನಿಗಿ ಒಯ್ದೀರಿ, ಇದನ್ನೂ ಅಲ್ಲಿಗೇ ಒಯ್ರಿ."

ಶರಣಪ್ಪ ಗುಂಪಿನ ಹಿಂದೆ ನಿಂತಿದ್ದ. ರುಮಾಲು ತೆಗೆದು ಮುಖ ಒರೆಸಿಕೊಂಡು ಮತ್ತೆ ಸುತ್ತಿಕೊಂಡ. ಆಮೇಲೆ ಮುಂದೆ ಬಂದು ನನ್ನ ಕೈ ಹಿಡಿದು ಕಟ್ಟೆಯಿಂದ ಇಳಿಸಿ ಮನೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ನಾಲ್ಕು ಮನೆಯವರು, "ಬರ್ರಿ ಕಾಕಾ, ಚಹಾ ಕುಡದು ಹೋಗ್ರಿ" ಎಂದು ಅವನನ್ನು ಕರೆದರು. ನಾಲ್ಕಕ್ಕೂ ಅವನು, "ಈಗ ಬ್ಯಾಡ, ನಮ್ಮನ್ಯಾಗ ಸಾಹೇಬ್ರು ಬಂದಾರ" ಎಂದ.

ಗುರಮ್ಮ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಕಟ್ಟೆಯ ಮಾತು ಅವಳಿಗೆ ಆಗಲೇ ಮುಟ್ಟಿತ್ತು.

"ಮೊನ್ನಿ ಜೀಪಿನ್ಯಾಗ ಬಂದಿದ್ರಿ, ಇವತ್ತ ಬಸ್ಸಿನ್ಯಾಗ ಬಂದೀರಿ" ಎಂದು ತಂಬಿಗೆ ನನ್ನ ಕೈಗೆ ಕೊಟ್ಟಳು. "ಸಾಹೇಬ್ರು ಅಂತ ಇವತ್ತ ಅನಸ್ತದ ನೋಡ್ರಿ. ಕೈಕಾಲ ತೊಳಕೋರಿ, ರೊಟ್ಟಿ ಬಿಸಿ ಅವ."